ಲೋಕಮತವೂ ಸ್ಥಾಲೀಪುಲಾಕ ನ್ಯಾಯವೂ

ಅಗುಳೊಂದನ್ನು ಹಿಸುಕಿ ನೋಡಿ ಮಡಕೆಯ ಅನ್ನವೆಲ್ಲ ಬೆಂದಿತೆಂದು ನಿಶ್ಚಯಿಸುವುದಕ್ಕೆ ಶಾಸ್ತ್ರಜ್ಞರು ಸ್ಥಾಲೀಪುಲಾಕ ನ್ಯಾಯವೆಂದು ಹೆಸರಿಟ್ಟಿದ್ದಾರೆ. ಕೆಲವು ಸಾವಿರ ಮಂದಿಯನ್ನು ಪ್ರಶ್ನಿಸಿ ಕೋಟ್ಯಂತರ ಜನರ ಅಭಿಪ್ರಾಯವು ಇಂಥದೆಂದು ಸಾರುವ ಜನಮತ ಸಮೀಕ್ಷೆಗಳಿಗೂ ಈ ನ್ಯಾಯವೇ ಆಧಾರ. 2020ರ ಮಾರ್ಚ್ 25ರಿಂದ ದೇಶವೆಲ್ಲ ಲಾಕ್‌ಡೌನಿಗೆ ಒಳಗಾದ ಮೇಲೆ ಸಮೀಕ್ಷಕರು ದೂರವಾಣಿಯ ಮೂಲಕ ಜನಾಭಿಪ್ರಾಯವನ್ನು ವಿಚಾರಿಸಿದರು. ಸರ್ಕಾರದ ಕ್ರಮದಲ್ಲಿ ವಿಶ್ವಾಸವುಳ್ಳವರೇ ಬಹುಮಂದಿಯೆಂದು ಪ್ರಕಟವಾಯಿತು. ಈ ಮಾತನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದು ವಿಚಾರಾರ್ಹವಾಗಿದೆ.

ಕೇಳಿದ್ದು ಕೆಲವರನ್ನೇ ಎಂಬುದು ದೋಷವಲ್ಲ. 1936ರಲ್ಲಿ ಅಮೆರಿಕದ 'ಲಿಟರರಿ ಡೈಜೆಸ್ಟ್' ಪತ್ರಿಕೆಯು ಸುಮಾರು 24 ಲಕ್ಷ ಉತ್ತರಗಳನ್ನು ಕೂಡಿಹಾಕಿ, ಅಧ್ಯಕ್ಷ ಪದವಿಗೆ ಲ್ಯಾಂಡನ್ ಅವರೇ ಬರುವರೆಂದು ಸಾರಿತು. ಗೆದ್ದವರು ರೂಸ್‌ವೆಲ್ಟ್; ಅದೂ 48 ಸಂಸ್ಥಾನಗಳ ಪೈಕಿ 46ರಲ್ಲಿ. ಪತ್ರಿಕೆಯು ಹೆಸರುಗಳನ್ನು ಆರಿಸಿಕೊಂಡದ್ದು ಬಹುಮಟ್ಟಿಗೆ ದೂರವಾಣಿ, ಮೋಟಾರುಗಳನ್ನುಳ್ಳವರ ಪಟ್ಟಿಗಳಿಂದ. ಅದಕ್ಕಿಂತ ಎಷ್ಟೋ ಕಡಮೆ ಜನರನ್ನು ವಿವೇಚನೆಯಿಂದ ಆರಿಸಿ ಕೇಳಿದ ಗ್ಯಾಲಪ್ ಅವರ ಎಣಿಕೆಯು ಫಲಿಸಿತು. ಸೌಟು ದೊಡ್ಡದಾದ ಮಾತ್ರಕ್ಕೆ ತಳದ ಅಕ್ಕಿಯ ಸ್ಥಿತಿ ತಿಳಿಯದು, ಮಗುಚಿ ನೋಡಬೇಕು.

ಮೂಡಿಗೆರೆಯ ಕಾಫಿ ಸೀಮೆಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ತೋಟದ ಸಾಹುಕಾರರಿಗೂ ಲೈನ್ ಮನೆಯ ಕೂಲಿಯವರಿಗೂ ಲಾಕ್‌ಡೌನೆಂಬ ಶಬ್ದವು ಒಂದೇ, ಅನುಭವವು ಬೇರೆ. 2020ರ ಏಪ್ರಿಲ್ ತಿಂಗಳಲ್ಲಿ ಕೇಂದ್ರ ಸರ್ಕಾರವು ಚಹಾ, ಕಾಫಿ, ರಬ್ಬರ್ ತೋಟಗಳಲ್ಲಿ ಹೆಚ್ಚೆಂದರೆ ಅರ್ಧದಷ್ಟು ಕೆಲಸಗಾರರನ್ನಿಟ್ಟುಕೊಂಡು ಕೆಲಸ ನಡೆಸಲು ಅನುಮತಿಯಿತ್ತಿತು. ಕೆಲಸ ದೊರೆತ ಅರ್ಧಮಂದಿಯೂ ದೊರೆಯದ ಅರ್ಧಮಂದಿಯೂ ಒಂದೇ ಪ್ರಶ್ನೆಗೆ ಒಂದೇ ಉತ್ತರವನ್ನು ಕೊಟ್ಟಾರೆ? ಬೆಟ್ಟದ ಮರೆಯಲ್ಲಿ ಫೋನಿನ ಸಂಪರ್ಕವೇ ಸಿಕ್ಕದ ಮನೆಯವರ ಮಾತಂತೂ ಲೆಕ್ಕಕ್ಕೇ ಬಾರದು. ಇಲ್ಲಿ ಮಡಕೆಯೂ ಒಂದಲ್ಲ, ಒಲೆಯೂ ಒಂದಲ್ಲ.

ಕೇಳುವವರು ಯಾರೆಂಬುದನ್ನೂ ನೋಡಬೇಕು. ವಾಲ್ಮೀಕಿ ರಾಮಾಯಣದ ಉತ್ತರಕಾಂಡದಲ್ಲಿ, ಜನರು ಏನೆನ್ನುವರೆಂದು ರಾಮನು ಕೇಳಿದಾಗ ಭದ್ರನು ಮೊದಲು ಹೇಳಿದ್ದು ಪ್ರಶಂಸೆಯನ್ನೇ. ಶುಭಾಶುಭಗಳೆರಡನ್ನೂ ನಿರ್ಭಯವಾಗಿ ಹೇಳೆಂದು ರಾಮನು ಅಭಯವಿತ್ತ ಮೇಲೆಯೇ ಅಪವಾದದ ಮಾತು ಹೊರಬಿದ್ದಿತು. ಬೀದಿಬೀದಿಗೆ ಪೊಲೀಸರ ಕಾವಲಿದ್ದ ದಿನಗಳಲ್ಲಿ ಅಪರಿಚಿತ ಧ್ವನಿಯೊಂದು 'ಸರ್ಕಾರ ಮಾಡಿದ್ದು ಸರಿಯೇ?' ಎಂದರೆ, 'ಸರಿ' ಎಂಬ ಉತ್ತರದಲ್ಲಿ ಸಮ್ಮತಿಯೆಷ್ಟು, ರೋಗಭಯವೆಷ್ಟು, ಅಧಿಕಾರದ ಅಂಜಿಕೆಯೆಷ್ಟು ಎಂದು ವಿಂಗಡಿಸುವುದು ಸುಲಭವಲ್ಲ.

ಹಾಗೆಂದು ಸಮೀಕ್ಷೆಗಳನ್ನು ಧಿಕ್ಕರಿಸತಕ್ಕದ್ದಲ್ಲ. ಅವಿಲ್ಲದೆ ಹೋದರೆ ಗಟ್ಟಿಯಾಗಿ ಕೂಗುವವರ ಮಾತೇ ಲೋಕಮತವೆನಿಸುವುದು. ಯಾರನ್ನು, ಯಾವಾಗ, ಯಾವ ಮಾತುಗಳಲ್ಲಿ ಕೇಳಿದರೆಂಬುದನ್ನು ಪರೀಕ್ಷಿಸಿ ಅವನ್ನು ಸಾಕ್ಷ್ಯವೆಂದು ಸ್ವೀಕರಿಸಬಹುದು, ತೀರ್ಪೆಂದಲ್ಲ. ಭದ್ರನು ತಂದ ವರ್ತಮಾನವು ಸುಳ್ಳಾಗಿರಲಿಲ್ಲ. ಆದರೂ ಅದನ್ನೇ ತೀರ್ಪಾಗಿ ಮಾಡಿದುದರ ಫಲವನ್ನು ಉಂಡವಳು, ಯಾರೂ ಒಂದು ಮಾತೂ ಕೇಳದೆ ಬಿಟ್ಟ ಸೀತೆ. ಲೈನ್ ಮನೆಯಲ್ಲಿ ಕೆಲಸವಿಲ್ಲದೆ ಕುಳಿತವರನ್ನೂ ಕೇಳಿದ ಮೇಲೆ ಲೋಕವು ಒಪ್ಪಿತೆನ್ನುವುದು ನ್ಯಾಯ.