ಸ್ಟೀರಿಯೋಗೆ ಒರೆಗಲ್ಲು ಯಾವುದು?

ಸ್ಟೀರಿಯೋ ಕೊಳ್ಳಲು ಹೋದವರಿಗೆ ಅಂಗಡಿಯವರು ಮೊದಲು ಕೇಳಿಸುವುದು ಗುಡುಗು, ರೈಲು, ನಗಾರಿ. ನಾವು ಬೆರಗಾಗಿ ಹಣ ಎಣಿಸುತ್ತೇವೆ. ನಾನೂ ಎಣಿಸಿದೆ. ಮನೆಗೆ ತಂದು ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರ ಹಾಡು ಹಾಕಿದರೆ, ಮಗಳು ಪಕ್ಕದ ಕೋಣೆಯಿಂದ, "ಹಾಡುತ್ತಿರುವ ಗಂಡಸು ಯಾರಪ್ಪಾ?" ಎಂದಳು. ಹಳೆಯ ಟೇಪ್‌ರೆಕಾರ್ಡರಿನಲ್ಲಿ ಎರಡೇ ಆಲಾಪಕ್ಕೆ ಅವರನ್ನು ಗುರುತಿಸುತ್ತಿದ್ದವಳು!

ತಪ್ಪು ಅವಳದಲ್ಲ. ಗಂಗೂಬಾಯಿಯವರದು (೧೯೧೩–೨೦೦೯) ಮೊದಲೇ ಗಡುಸು ಕಂಠ. ತಗ್ಗಿನ ಸ್ವರಗಳನ್ನು ಉಬ್ಬಿಸುವ ಪೆಟ್ಟಿಗೆ ಅವರನ್ನು ಗಂಡಸಾಗಿಸುತ್ತದೆ. ಸೊರಗಿಸುವ ಪೆಟ್ಟಿಗೆ ಬೇರೊಬ್ಬ ಹೆಂಗಸಾಗಿಸುತ್ತದೆ. ಗುಡುಗು ಹೇಗಿದ್ದರೂ ಗುಡುಗೇ. ಪರಿಚಿತ ಕಂಠ ತುಸು ಬದಲಾದರೂ ಕಿವಿ ಹಿಡಿಯುತ್ತದೆ. ಎಂಪಿ-ತ್ರೀ ವಿಧಾನವನ್ನು ತಿದ್ದುವಾಗ ಜರ್ಮನಿಯ ಕಾರ್ಲ್‌ಹೈಂಜ್ ಬ್ರಾಂಡೆನ್‌ಬರ್ಗ್ ಒರೆಗಲ್ಲಾಗಿಸಿಕೊಂಡದ್ದೂ ಪಕ್ಕವಾದ್ಯವಿಲ್ಲದ ಒಂಟಿ ಕಂಠವನ್ನೇ: ಸುಜಾನ್ ವೇಗಾ ಅವರ ೧೯೮೭ರ ಆಲ್ಬಮ್ಮಿನ 'ಟಾಮ್ಸ್ ಡೈನರ್'. ಆ ಕಂಠದಲ್ಲಿ ದೋಷಕ್ಕೆ ಅಡಗಲು ಜಾಗವಿರಲಿಲ್ಲ.

ಕಂಠದ ಬಳಿಕ ತಂಬೂರಿ: ನಾಲ್ಕು ತಂತಿಗಳ ಝೇಂಕಾರ ಒಂದರೊಳಗೊಂದು ಕರಗಬೇಕು, ಕಡಿಯಬಾರದು. ಆಮೇಲೆ ತಬಲಾದ ಡಗ್ಗ: ಒಂದೊಂದು ಪೆಟ್ಟೂ ಬಿಡಿಯಾಗಿ ಕೇಳಬೇಕು, ಗುಂಯ್‌ಗುಟ್ಟಬಾರದು. ಎರಡು ಪೆಟ್ಟಿಗೆಗಳನ್ನು ಹೋಲಿಸುವಾಗ ಸದ್ದು ಸಮನಾಗಿರಲಿ. ತುಸು ಜೋರಾದದ್ದೇ ಉತ್ತಮವೆಂದು ಕಿವಿ ಮೋಸಹೋಗುತ್ತದೆ. ೭೮ ಸುತ್ತಿನ ತಟ್ಟೆಗಳ ಪ್ರತಿ ಬೇಡ. ಅದರ ದೋಷ ಪೆಟ್ಟಿಗೆಯದೆನಿಸೀತು.

ಊರಿನಿಂದ ದೂರ ಬೆಳೆಯುವ ನಮ್ಮ ಮಕ್ಕಳಿಗೆ ಗಂಗೂಬಾಯಿ ಎಂದರೆ ಈ ಪೆಟ್ಟಿಗೆ ಹೇಳಿದಷ್ಟೇ. ಆದ್ದರಿಂದ ಅಂಗಡಿಯವರ ಗುಡುಗಿಗೆ ಕಿವಿಗೊಡಬೇಡಿ. ನಿಮ್ಮ ಹಾಡನ್ನು ನೀವೇ ಒಯ್ಯಿರಿ.