ಎರಡು ಬಾರಿ ಆಡಿದ ಮಾತು: ವೆಲ್ಶ್ ನಟ ಫಿಲಿಪ್ ಮ್ಯಾಡಕ್

ವೇಲ್ಸ್ ನಾಡಿನ ನಟರೆಂದರೆ ನಮ್ಮ ಕಡೆ ಇಂಗ್ಲಿಷ್ ಚಲನಚಿತ್ರ ನೋಡುವವರಿಗೆ ಥಟ್ಟನೆ ನೆನಪಾಗುವುದು ರಿಚರ್ಡ್ ಬರ್ಟನ್, ಆಂಥನಿ ಹಾಪ್ಕಿನ್ಸ್. ಇಬ್ಬರೂ ದೊಡ್ಡವರು, ಇಬ್ಬರೂ ತಮ್ಮ ನಾಡು ಬಿಟ್ಟು ಲಂಡನ್ನಿಗೂ ಅಲ್ಲಿಂದ ಹಾಲಿವುಡ್ಡಿಗೂ ಹೋಗಿ ಗೆದ್ದವರು. ಕಿರುತೆರೆಯನ್ನೇ ನೆಚ್ಚಿ ನಾಲ್ಕು ದಶಕಗಳ ಕಾಲ ದುಡಿದ ಫಿಲಿಪ್ ಮ್ಯಾಡಕ್ ಅವರ ಹೆಸರು ಅಷ್ಟು ದೂರ ಬಂದಿಲ್ಲ. ಆದರೆ ಎರಡು ಭಾಷೆಗಳ ನಡುವೆ ಸಂಸಾರ ನಡೆಸುವ ಗಡಿನಾಡಿನವರಾದ ನಮಗೆ ಆ ಇಬ್ಬರಿಗಿಂತ ಹತ್ತಿರದವರು ಇವರೇ ಎಂಬುದು ನನ್ನ ಅಭಿಪ್ರಾಯ. ನಾಡಿನ ಭಾಷೆಗೆ ಸ್ವಂತ ರಂಗಸ್ಥಳ ಇಲ್ಲದಾಗ ಒಬ್ಬ ನಟನಿಗೆ ಏನಾಗುತ್ತದೆ, ಇದ್ದಾಗ ಏನಾಗುತ್ತದೆ ಎಂಬ ಎರಡನ್ನೂ ಇವರ ಒಂದೇ ಬದುಕಿನಲ್ಲಿ ಕಾಣಬಹುದು.

ಮ್ಯಾಡಕ್ ಹುಟ್ಟಿದ್ದು 1934ರ ಜುಲೈ 5ರಂದು, ದಕ್ಷಿಣ ವೇಲ್ಸಿನ ಮರ್ಥರ್ ಟಿಡ್ವಿಲ್ ಪಟ್ಟಣದಲ್ಲಿ. ಒಂದು ಕಾಲಕ್ಕೆ ಕಬ್ಬಿಣದ ಕುಲುಮೆಗಳಿಗೂ ಕಲ್ಲಿದ್ದಲಿಗೂ ಹೆಸರಾಗಿದ್ದ ಊರು ಅದು. ಹುಟ್ಟುಹೆಸರು ಫಿಲಿಪ್ ಆರ್ವನ್ ಜೋನ್ಸ್. ಕಾರ್ಡಿಫ್‌ನಲ್ಲಿಯೂ ಆಸ್ಟ್ರಿಯಾದ ವಿಯೆನ್ನಾದಲ್ಲಿಯೂ ಭಾಷೆಗಳನ್ನು ಅಭ್ಯಾಸ ಮಾಡಿ ಕೆಲವು ಕಾಲ ದುಭಾಷಿಯಾಗಿದ್ದರು. ವೆಲ್ಶ್, ಇಂಗ್ಲಿಷ್ ಅಲ್ಲದೆ ಜರ್ಮನ್ ಮೊದಲಾದ ಹಲವು ಭಾಷೆಗಳನ್ನು ಬಲ್ಲವರಾಗಿದ್ದರು. ಆ ಉದ್ಯೋಗ ಬಿಟ್ಟು ಲಂಡನ್ನಿನ ರಾಡಾ ನಾಟಕಶಾಲೆಯನ್ನು ಸೇರಿದರು. ದುಭಾಷಿಗೆ ಸ್ವಂತ ಮಾತಿಲ್ಲ. ಒಬ್ಬರ ಮಾತನ್ನು ಮತ್ತೊಬ್ಬರ ಕಿವಿಗೆ ಮುಟ್ಟಿಸುವುದು ಅವನ ಧರ್ಮ. ನಟನದೂ ಒಂದು ರೀತಿಯಲ್ಲಿ ಅದೇ ಕೆಲಸ. ಆದರೆ ನಟನಾದವನು ಆ ಮಾತಿನ ಹೊಣೆಯನ್ನೂ ಹೊರಬೇಕು. ಮ್ಯಾಡಕ್ ಅವರ ಗಂಭೀರ ಕಂಠ, ಪದವನ್ನು ಅವಸರವಿಲ್ಲದೆ ತೂಗಿ ಇಡುವ ರೀತಿ, ಇವೆರಡಕ್ಕೂ ಆ ಹಳೆಯ ಉದ್ಯೋಗದ ಋಣವಿದೆ.

ಇಂಗ್ಲಿಷ್ ಕಿರುತೆರೆ ಈ ಪ್ರತಿಭೆಯನ್ನು ಹೇಗೆ ಬಳಸಿಕೊಂಡಿತು? ಹೆಚ್ಚಾಗಿ ‘ಪರಕೀಯ’ನನ್ನಾಗಿ. ನಮ್ಮ ಯಕ್ಷಗಾನದ ಮಾತಿನಲ್ಲಿ ಹೇಳುವುದಾದರೆ ಅವರ ಪಾಲಿಗೆ ಬಂದದ್ದು ಬಣ್ಣದ ವೇಷಗಳು. 1971ರ ‘ದಿ ಲಾಸ್ಟ್ ಆಫ್ ದಿ ಮೊಹಿಕನ್ಸ್’ ಧಾರಾವಾಹಿಯಲ್ಲಿ ಸೇಡಿನ ಮಾಗುವಾ. ‘ಡಾಕ್ಟರ್ ಹೂ’ ಎಂಬ ವೈಜ್ಞಾನಿಕ ಕಲ್ಪನೆಯ ಸರಣಿಯಲ್ಲಿ 1969ರ ಯುದ್ಧಾಧಿಪತಿ, 1976ರಲ್ಲಿ ಸೋಲನ್ ಎಂಬ ಹುಚ್ಚು ಶಸ್ತ್ರವೈದ್ಯ. ಈ ಸೋಲನ್‌ಗೆ ತಾನು ಜೋಡಿಸುತ್ತಿರುವ ದೇಹಕ್ಕೆ ಒಂದು ತಲೆ ಬೇಕಾಗಿದೆ. ಮನೆಗೆ ಬಂದ ನಾಯಕನ ತಲೆಯ ಮೇಲೆ ಅವನ ಕಣ್ಣು. ಇದನ್ನು ಅರಚಿ ಕಿರುಚಿ ಆಡಬಹುದಿತ್ತು. ಮ್ಯಾಡಕ್ ಅದನ್ನು ಅತಿಥಿಸತ್ಕಾರದ ನಯದಲ್ಲಿ ಆಡಿದರು. ಭಯ ಹುಟ್ಟುವುದು ಆ ನಯದಿಂದಲೇ.

ಬ್ರಿಟನ್ನಿನ ಜನ ಅವರನ್ನು ಇಂದಿಗೂ ನೆನೆಯುವುದು 1973ರಲ್ಲಿ ‘ಡ್ಯಾಡ್ಸ್ ಆರ್ಮಿ’ ಎಂಬ ಹಾಸ್ಯ ಸರಣಿಯ ಒಂದೇ ಒಂದು ಕಂತಿನಿಂದ. ಎರಡನೆಯ ಮಹಾಯುದ್ಧದ ಕಾಲ. ಊರು ಕಾಯುವ ಮುದುಕರ ಪಡೆಗೆ ಜರ್ಮನ್ ಜಲಾಂತರ್ನೌಕೆಯ ಕಪ್ತಾನ ಸೆರೆ ಸಿಕ್ಕಿದ್ದಾನೆ. ತನ್ನನ್ನು ಹಂಗಿಸಿದವರ ಹೆಸರನ್ನು ಯುದ್ಧ ಗೆದ್ದ ಮೇಲೆ ಲೆಕ್ಕ ತೀರಿಸಲೆಂದು ಅವನು ಪಟ್ಟಿ ಮಾಡಿಕೊಳ್ಳುತ್ತಾನೆ. ಒಬ್ಬ ಹುಡುಗ ಹಾಡು ಕಟ್ಟಿ ಅಣಕಿಸಿದಾಗ ‘ನಿನ್ನ ಹೆಸರೇನು?’ ಎಂದು ಕೇಳುತ್ತಾನೆ. ಹೇಳಬೇಡವೆಂದು ಹುಡುಗನನ್ನು ತಡೆಯುವ ಭರದಲ್ಲಿ ಪಡೆಯ ನಾಯಕನೇ ಅವನ ಹೆಸರು ಹಿಡಿದು ಕೂಗಿಬಿಡುತ್ತಾನೆ! ನಗು ಸಿಡಿಯುವುದು ನಾಯಕನ ಮಾತಿಗೆ. ಆದರೆ ಆ ನಗುವಿಗೆ ನೆಲ ಹದ ಮಾಡಿದ್ದು ಮ್ಯಾಡಕ್ ಅವರ ನಗದ ಮುಖ. ತಾನು ಹಾಸ್ಯನಾಟಕದಲ್ಲಿದ್ದೇನೆ ಎಂಬುದು ಆ ಕಪ್ತಾನನಿಗೆ ಗೊತ್ತೇ ಇಲ್ಲ ಎಂಬಂತೆ ಅವರು ನಿಂತಿದ್ದಾರೆ. ಎದುರು ವೇಷ ಗಟ್ಟಿಯಾಗಿದ್ದರೆ ಹಾಸ್ಯಗಾರ ಗೆಲ್ಲುತ್ತಾನೆ ಎಂಬುದು ನಮ್ಮ ಬಯಲಾಟ ನೋಡಿದವರಿಗೆ ಹೊಸದಲ್ಲ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಇಷ್ಟು ಶಕ್ತಿಯ ನಟ ತನ್ನ ನಾಡಿನ ಮನುಷ್ಯನಾಗಿ ತೆರೆಗೆ ಬರುವುದು ಯಾವಾಗ?

1981ರಲ್ಲಿ ಒಂದು ಬಾಗಿಲು ತೆರೆಯಿತು. ಡೇವಿಡ್ ಲಾಯ್ಡ್ ಜಾರ್ಜ್ 1916ರಿಂದ 1922ರ ತನಕ ಬ್ರಿಟನ್ನಿನ ಪ್ರಧಾನಿಯಾಗಿದ್ದವರು. ಆ ಪದವಿಗೆ ಏರಿದವರಲ್ಲಿ ವೆಲ್ಶ್ ಮಾತೃಭಾಷೆಯವರು ಅವರೊಬ್ಬರೇ. ಅವರ ಜೀವನವನ್ನು ಎಲೇನ್ ಮಾರ್ಗನ್ ಬರೆದ 9 ಕಂತುಗಳ ಇಂಗ್ಲಿಷ್ ಧಾರಾವಾಹಿಯಾಗಿ ಬಿಬಿಸಿ ವೇಲ್ಸ್ ತಯಾರಿಸಿದಾಗ ನಾಯಕನ ಪಾತ್ರ ಮ್ಯಾಡಕ್ ಅವರದಾಯಿತು. ವಾಕ್ಪಟು, ಬಡವರ ಬಂಧು, ಆದರೆ ಹೆಣ್ಣಿನ ವಿಷಯದಲ್ಲಿ ನಂಬಲಾಗದವನು: ಇಷ್ಟೂ ಒಬ್ಬನೇ. ಖಳನನ್ನು ನಯದಿಂದ ಆಡಿ ಪಳಗಿದ್ದ ನಟನಿಗೆ ಹುಳುಕಿರುವ ದೊಡ್ಡ ಮನುಷ್ಯನನ್ನು ಆಡುವುದು ಗೊತ್ತಿತ್ತು. ಆದರೆ ಅದೂ ಇಂಗ್ಲಿಷಿನ ಅಂಗಳವೇ. ಬಾನುಲಿಯಲ್ಲಿ ಅವರು ಆಡಿದ ಕ್ಯಾಡ್‌ಫೆಲ್ ಪಾತ್ರವನ್ನೂ ಇಲ್ಲಿ ನೆನೆಯಬೇಕು. ಗಡಿಯ ಈಚೆ ಶ್ರೂಸ್‌ಬರಿಯ ಇಂಗ್ಲಿಷ್ ಮಠದಲ್ಲಿ ನೆಲೆಸಿದ ವೆಲ್ಶ್ ಸನ್ಯಾಸಿ ಅವನು. ಎರಡೂ ಕಡೆಯ ಮಾತು ಬಲ್ಲವನು. 1994ರಲ್ಲಿ ಅದೇ ಕಥೆ ಟೆಲಿವಿಷನ್ನಿಗೆ ಬಂದಾಗ ಪಾತ್ರ ಸಿಕ್ಕಿದ್ದು ಇಂಗ್ಲಿಷ್ ನಟ ಡೆರೆಕ್ ಜಾಕೊಬಿಗೆ. ಜಾಕೊಬಿ ಉತ್ತಮ ನಟರೇ, ಸಂಶಯವಿಲ್ಲ. ಆದರೆ ದನಿ ಮಾತ್ರ ಸಾಕಾದಲ್ಲಿ ವೆಲ್ಶ್ ನಟ, ಮುಖವೂ ಬೇಕಾದಲ್ಲಿ ಬೇರೆಯವರು ಎಂದಾದದ್ದನ್ನು ಗಡಿನಾಡಿನವರು ಗಮನಿಸದೆ ಇರಲಾರರು.

ಅಷ್ಟರಲ್ಲಿ ವೇಲ್ಸಿನಲ್ಲಿ ಬೇರೊಂದು ಹೋರಾಟ ಫಲ ಕೊಟ್ಟಿತ್ತು. ವೆಲ್ಶ್ ಕಾರ್ಯಕ್ರಮಗಳು ಅದುವರೆಗೆ ಇಂಗ್ಲಿಷ್ ವಾಹಿನಿಗಳ ನಡುನಡುವೆ ಚದುರಿಹೋಗಿದ್ದವು. ಪ್ರತ್ಯೇಕ ವಾಹಿನಿ ಕೊಡುತ್ತೇವೆಂದು 1979ರ ಚುನಾವಣೆಯಲ್ಲಿ ಹೇಳಿದ್ದ ಕನ್ಸರ್ವೇಟಿವ್ ಪಕ್ಷ ಗೆದ್ದ ಮೇಲೆ ಮಾತು ತಪ್ಪಿತು. ಆಗ ವೆಲ್ಶ್ ನಾಯಕ ಗ್ವಿನ್‌ವರ್ ಇವಾನ್ಸ್ 1980ರ ಅಕ್ಟೋಬರ್ 6ರಿಂದ ಆಮರಣ ಉಪವಾಸ ಕೂರುವುದಾಗಿ ಘೋಷಿಸಿದರು. ಉಪವಾಸದ ದಿನ ಬರುವ ಮೊದಲೇ, ಸೆಪ್ಟೆಂಬರ್‌ನಲ್ಲಿ, ಸರಕಾರ ಮಣಿಯಿತು. ಎಸ್‌ಫೋರ್‌ಸಿ ಎಂಬ ವೆಲ್ಶ್ ವಾಹಿನಿ ಆರಂಭವಾದದ್ದು 1982ರ ನವೆಂಬರ್ 1ರಂದು. ಆ ದಿನಾಂಕ ನಾವು ಮರೆಯುವಂಥದ್ದಲ್ಲ. 1956ರ ನವೆಂಬರ್ 1ರಂದೇ ಕಾಸರಗೋಡು ಕೇರಳಕ್ಕೆ ಸೇರಿದ್ದು. ಒಂದೇ ತಾರೀಕು ಒಂದು ಭಾಷೆಯವರಿಗೆ ಮನೆ ಕೊಟ್ಟಿತು, ಇನ್ನೊಂದು ಭಾಷೆಯವರನ್ನು ಗಡಿಯ ಆಚೆ ನಿಲ್ಲಿಸಿತು.

ಆ ಮನೆಯಲ್ಲಿ ಮ್ಯಾಡಕ್ ಅವರಿಗೆ ಸಿಕ್ಕ ಪಾತ್ರ ನೋಯಲ್ ಬೇನ್ ಎಂಬ ಪೊಲೀಸ್ ಅಧಿಕಾರಿಯದು. ವೆಲ್ಶ್ ಭಾಷೆಯಲ್ಲಿ ‘ಅರ್ ಹೆಲಿಯುರ್’, ಎಂದರೆ ಬೇಟೆಗಾರ. ಇಂಗ್ಲಿಷಿನಲ್ಲಿ ‘ಎ ಮೈಂಡ್ ಟು ಕಿಲ್’. 1990ರ ದಶಕದಿಂದ ಕೆಲವು ವರ್ಷ ನಡೆದ ಈ ಅಪರಾಧ ಕಥೆಗಳ ವಿಶೇಷವೆಂದರೆ, ಒಂದರ ಮೇಲೆ ಇನ್ನೊಂದು ಭಾಷೆಯ ದನಿ ಅಂಟಿಸಿ ಮಾಡಿದ್ದಲ್ಲ. ಅದೇ ನಟರನ್ನು ಇಟ್ಟು ಎರಡೂ ಭಾಷೆಗಳಲ್ಲಿ ಬೆನ್ನುಬೆನ್ನಿಗೆ ಚಿತ್ರೀಕರಿಸಿದ್ದು. ವೆಲ್ಶ್ ಆವೃತ್ತಿ ಎಸ್‌ಫೋರ್‌ಸಿಗೆ, ಇಂಗ್ಲಿಷ್ ಆವೃತ್ತಿ ಹೊರಗಿನ ವಾಹಿನಿಗಳಿಗೆ.

ಇದು ಭಾಷಾಂತರವಲ್ಲ ಎಂಬುದನ್ನು ಒತ್ತಿ ಹೇಳಬೇಕು. ಬ್ಯಾಂಕಿನ ಕೌಂಟರಿನಲ್ಲಿ ಕೂತು ಒಬ್ಬರಿಗೆ ಕನ್ನಡದಲ್ಲಿ, ಹಿಂದೆಯೇ ನಿಂತವರಿಗೆ ಮಲಯಾಳದಲ್ಲಿ ಸಾಲದ ಅದೇ ಕಂತಿನ ವಿಷಯ ಹೇಳುವಾಗ ಬದಲಾಗುವುದು ಶಬ್ದ ಮಾತ್ರವಲ್ಲ. ದನಿಯ ಏರಿಳಿತ, ಮುಖದ ಸಲಿಗೆ, ಎಲ್ಲಿ ತಡೆದು ಹೇಳಬೇಕೆಂಬ ಲೆಕ್ಕ ಎಲ್ಲವೂ ಬದಲಾಗುತ್ತದೆ. ತಾಳಮದ್ದಳೆಯ ಅರ್ಥಧಾರಿ ಅದೇ ಪ್ರಸಂಗಕ್ಕೆ ಎರಡು ಸಭೆಗಳಲ್ಲಿ ಎರಡು ಬಗೆಯ ಅರ್ಥ ಹೇಳುವುದಿಲ್ಲವೇ? ಪದ್ಯ ಒಂದೇ, ಮಾತು ಬೇರೆ. ಎರಡು ಸಲ ಆಡುವ ನಟ ಒಂದೇ ಮನುಷ್ಯನನ್ನು ಎರಡು ಸಲ ಹುಟ್ಟಿಸಬೇಕು. ಹಿಂದಿನ ದುಭಾಷಿ ಈಗ ಎರಡು ಭಾಷೆಗಳಲ್ಲಿಯೂ ಸ್ವಂತ ಹೊಣೆಯ ಮೇಲೆ ಮಾತಾಡತೊಡಗಿದ. ಮ್ಯಾಡಕ್ ಅವರ ವೃತ್ತಿಜೀವನದ ಎತ್ತರ ಇದೇ ಎಂದು ನಾನು ತಿಳಿಯುತ್ತೇನೆ, ಜರ್ಮನ್ ಕಪ್ತಾನನಲ್ಲ.

ಈ ಪದ್ಧತಿಗೆ ಬೆಲೆಯೂ ಇದೆ. ದುಡಿಮೆ ಇಮ್ಮಡಿ. ಲೋಕದ ಕಣ್ಣಿಗೆ ಬೀಳುವುದು ಇಂಗ್ಲಿಷ್ ಆವೃತ್ತಿ. ವೆಲ್ಶ್ ಆವೃತ್ತಿ ಮನೆಯೊಳಗೆ ಉಳಿಯುತ್ತದೆ. ಹೊರಗೆ ಮಾರಾಟವಾಗಬೇಕೆಂಬ ಕಾರಣಕ್ಕೆ ಕಥೆಯೇ ಎಲ್ಲಿಯೂ ಸಲ್ಲುವ ಕೊಲೆ-ತನಿಖೆಯ ದಾರಿ ಹಿಡಿಯುವ ಅಪಾಯವೂ ಇದೆ. ಹೀಗಿದ್ದರೂ ದಾರಿ ಮುಚ್ಚಲಿಲ್ಲ. 2013ರಲ್ಲಿ ಬಂದ ‘ಹಿಂಟರ್‌ಲ್ಯಾಂಡ್’ ಇದೇ ಕ್ರಮದಲ್ಲಿ ತಯಾರಾಯಿತು. ಅದರ ನಾಯಕ ನಟ ರಿಚರ್ಡ್ ಹ್ಯಾರಿಂಗ್ಟನ್ ಅದೇ ಮರ್ಥರ್ ಪಟ್ಟಣದವರು. 2017ರ ಇನ್ನೊಂದು ಧಾರಾವಾಹಿಯ ಪಾತ್ರಕ್ಕಾಗಿ ಈವ್ ಮೈಲ್ಸ್ ಎಂಬ ನಟಿ ವೆಲ್ಶ್ ಭಾಷೆಯನ್ನೇ ಕಲಿತರು. ಅನ್ನ ಕೊಡುವ ಭಾಷೆಯನ್ನು ಕಲಿಯಲು ಜನ ಬರುತ್ತಾರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ವಾಹಿನಿಯೊಂದೇ ಭಾಷೆಯನ್ನು ಉಳಿಸುತ್ತದೆ ಎಂದು ನಂಬುವುದೂ ಸರಿಯಲ್ಲ. ವೇಲ್ಸಿನಲ್ಲಿ ವೆಲ್ಶ್ ಬಲ್ಲವರು 2011ರ ಜನಗಣತಿಯಲ್ಲಿ ಶೇಕಡಾ 19 ಇದ್ದರು. 2021ರಲ್ಲಿ ಶೇಕಡಾ 17.8ಕ್ಕೆ, ಸುಮಾರು 5 ಲಕ್ಷ 38 ಸಾವಿರಕ್ಕೆ ಇಳಿದರು. ಭಾಷೆ ಉಳಿಯಬೇಕಾದದ್ದು ಮನೆಯಲ್ಲಿ, ಶಾಲೆಯಲ್ಲಿ. ರಂಗಸ್ಥಳ ಮಾಡುವ ಕೆಲಸ ಬೇರೆ: ಆ ಭಾಷೆಯಲ್ಲಿ ಪ್ರತಿಭೆ ಇರುವವನು ಪರರ ಆಟದಲ್ಲಿ ಪರಕೀಯನ ವೇಷ ಕಟ್ಟಿಯೇ ಮುಗಿದುಹೋಗದಂತೆ ಅದು ನೋಡಿಕೊಳ್ಳುತ್ತದೆ.

ಮ್ಯಾಡಕ್ 2012ರ ಮಾರ್ಚ್ 5ರಂದು ತೀರಿಕೊಂಡರು. ಬದುಕಿನ ಉತ್ತರಾರ್ಧದಲ್ಲಿ ಅವರಿಗೆ ಸಿಕ್ಕಿದ ಮನೆಯನ್ನು ಕಟ್ಟಿಕೊಟ್ಟದ್ದು ಸರಕಾರದ ಔದಾರ್ಯವಲ್ಲ, ಊರಿನವರ ಹಟ. ನಮಗೆ ನಮ್ಮದೇ ವಾಹಿನಿ ಇಲ್ಲ, ನಿಜ. ಆದರೆ ಶಾಲಾ ವಾರ್ಷಿಕೋತ್ಸವದ ವೇದಿಕೆ ಇದೆ, ದೇವಸ್ಥಾನದ ಅಂಗಳದ ತಾಳಮದ್ದಳೆ ಇದೆ, ಎರಡು ಲಿಪಿಗಳು ಜೊತೆಯಾಗಿ ಅಚ್ಚಾಗುವ ಈ ಪುಟಗಳಿವೆ. ನಮ್ಮ ಮಕ್ಕಳು ಮಲಯಾಳದಲ್ಲಿ ಚೆನ್ನಾಗಿ ನಟಿಸಲಿ, ಹಾಡಲಿ, ಬಹುಮಾನ ತರಲಿ. ಅದೇ ಮಾತನ್ನು ಕನ್ನಡದಲ್ಲಿ ಇನ್ನೊಮ್ಮೆ ಆಡಿ ತೋರಿಸಲು ಒಂದು ಜಾಗವನ್ನು ನಾವು ಖಾಲಿ ಬೀಳದಂತೆ ಕಾಯಬೇಕಾಗಿದೆ.