ಉತಾರದ ಬೋಜಾ, ಮೊಬೈಲಿನ ಬ್ಯಾಂಕು

ಧಾರವಾಡದ ಕಡೆಯ ಯರಗುಪ್ಪಿಯಂಥ ಊರಿನ ಕಿರಾಣಿ ಅಂಗಡಿಯಲ್ಲಿ ಹತ್ತು ರೂಪಾಯಿಯ ಚಹಾಪುಡಿಗೂ ಈಗ ಸ್ಕ್ಯಾನ್ ಮಾಡುತ್ತಾರೆ; ಗಲ್ಲೆಯ ಪಕ್ಕದ ಡಬ್ಬಿ ಜಮೆಯಾದ ದುಡ್ಡನ್ನು ಕೂಗಿ ಹೇಳುತ್ತದೆ. ಕೊಟ್ಟವರ ಖಾತೆ ಯಾವ ಬ್ಯಾಂಕಿನದೆಂದು ಯಾರೂ ಕೇಳುವುದಿಲ್ಲ. 2016ರಲ್ಲಿ ಬಂದ ಯುಪಿಐಯ ದೊಡ್ಡ ಗೆಲುವು ಇದೇ. ಗ್ರಾಮೀಣ ಬ್ಯಾಂಕಿನ ಖಾತೆಗೂ ಖಾಸಗಿ ಬ್ಯಾಂಕಿನ ಖಾತೆಗೂ ದಾರಿ ಒಂದೇ ಆಯಿತು.

ಆ ದಾರಿಯ ಬಾಯಲ್ಲಿ ಕುಳಿತವರು ಮಾತ್ರ ಇಬ್ಬರೇ. ಯುಪಿಐ ವಹಿವಾಟಿನ ಮುಕ್ಕಾಲಿಗೂ ಹೆಚ್ಚು ಪಾಲು ಫೋನ್‌ಪೇ, ಗೂಗಲ್ ಪೇಗಳದು. ಒಂದು ಆ್ಯಪ್ ಶೇ 30 ದಾಟಬಾರದೆಂದು 2020ರಲ್ಲಿ ಮಿತಿ ಹಾಕಿದ, ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ, ಗಡುವು ಮುಂದೂಡುತ್ತ 2026ರ ಡಿಸೆಂಬರ್‌ಗೆ ತಂದು ನಿಲ್ಲಿಸಿದೆ. 2020ರಿಂದ ವ್ಯಾಪಾರಿ ಶುಲ್ಕವೂ ಇಲ್ಲ. ಅಂಗಡಿಯವರಿಗೆ ಒಳ್ಳೆಯದೇ, ಆದರೆ ಸರ್ಕಾರದ ಪ್ರೋತ್ಸಾಹಧನ ಬಿಟ್ಟರೆ ಸಣ್ಣ ಬ್ಯಾಂಕಿಗೆ ಖರ್ಚಷ್ಟೇ ಗತಿಯಾಯಿತು, ಗಿರಾಕಿ ಆ್ಯಪ್‌ನವರ ಪಾಲಾದ.

ಇಷ್ಟೆಲ್ಲ ಪೈಪೋಟಿ ದುಡ್ಡು ಕಳಿಸುವುದರಲ್ಲಿ. ಸಾಲ ತರುವ ಮಾತು ಬಂದರೆ ಕಥೆಯೇ ಬೇರೆ. ಎರಿ ಹೊಲಕ್ಕೆ ಹೆಸರು, ಹತ್ತಿ ಬಿತ್ತಲು ತೆಗೆಯುವ ಬೆಳೆಸಾಲದ ಬಡ್ಡಿಯನ್ನು ಸರ್ಕಾರವೇ ಗೊತ್ತುಮಾಡುತ್ತದೆ. ಬ್ಯಾಂಕಿನಲ್ಲಿ 3 ಲಕ್ಷದವರೆಗೆ ಶೇ 7, ಹೊತ್ತಿಗೆ ಸರಿಯಾಗಿ ಕಟ್ಟಿದರೆ ಶೇ 4. ಸೊಸೈಟಿಯಲ್ಲಿ 5 ಲಕ್ಷದವರೆಗೆ ಬಡ್ಡಿಯೇ ಇಲ್ಲ. ಇದರ ಮುಂದೆ ಯಾವ ಆ್ಯಪ್ ನಿಂತೀತು?

ಅಸಲಿ ಬೇಲಿ ಇರುವುದು ಉತಾರದ, ಅಂದರೆ ಪಹಣಿಯ, 11ನೇ ಕಾಲಂನಲ್ಲಿ. ಸಾಲ ಕೊಟ್ಟವರ ಬೋಜಾ ಏರುವುದು ಅಲ್ಲಿ. ರೈತರ ನೋಂದಣಿಯ ಫ್ರೂಟ್ಸ್ ತಂತ್ರಾಂಶ ಬಂದ ಮೇಲೆ ಅದನ್ನು ಬ್ಯಾಂಕಿನಲ್ಲಿ ಕುಳಿತೇ ಏರಿಸುತ್ತಾರೆ, ಸಬ್‌ ರಿಜಿಸ್ಟ್ರಾರ್ ಕಚೇರಿಯ ಅಲೆದಾಟ ತಪ್ಪಿದೆ. ಒಪ್ಪತಕ್ಕ ಸುಧಾರಣೆ. ಆದರೆ ಪಕ್ಕದ ಬ್ಯಾಂಕು ಚಲೋ ಅನ್ನಿಸಿದರೆ? ಹಳೇ ಸಾಲ ಪೂರ್ತಿ ಕಟ್ಟಿ, ಬೇಬಾಕಿ ಪತ್ರ ಪಡೆದು, ಬೋಜಾ ಇಳಿಸಿಕೊಂಡೇ ಹೋಗಬೇಕು. ಅಷ್ಟು ದುಡ್ಡು ಕೈಯಲ್ಲಿದ್ದರೆ ಸಾಲ ಯಾಕೆ ಬೇಕಿತ್ತು! ರಿಸರ್ವ್ ಬ್ಯಾಂಕ್ 2023ರ ಆಗಸ್ಟಿನಲ್ಲಿ ಪ್ರಯೋಗಕ್ಕಿಳಿಸಿದ, ಈಗ ಯುಎಲ್‌ಐ ಎನ್ನುವ ವೇದಿಕೆ ಭೂದಾಖಲೆಯನ್ನು ಸಾಲ ಕೊಡುವವರ ಪರದೆಗೆ ತರುತ್ತದೆ. ಹೊಸ ಸಾಲ ಬೇಗ ಸಿಗಲು ಅದು ಅನುಕೂಲ, ಹಳೇ ಸಾಲದಲ್ಲಿ ಸಿಕ್ಕಿಕೊಂಡವರಿಗಲ್ಲ.

ಇತ್ತ ಸಾಲ ಕೊಡುವ ಬ್ಯಾಂಕುಗಳ ಕಡೆ ನೋಡಿದರೆ, ಧಾರವಾಡದ ಮಲಪ್ರಭಾ ಗ್ರಾಮೀಣ ಬ್ಯಾಂಕು 2005ರಲ್ಲಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಾಗಿ, 2025ರ ಮೇ 1ರಂದು ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿ, ಪ್ರಧಾನ ಕಚೇರಿ ಬಳ್ಳಾರಿಗೆ ಹೋಯಿತು. ಕೂಡಿಕೊಂಡ ಎರಡರ ಜಿಲ್ಲೆಗಳೂ ಬೇರೆಯಿದ್ದುದರಿಂದ ಪೈಪೋಟಿ ಕುಗ್ಗಿತು ಎನ್ನಲಾಗದು; ಅದು ಮೊದಲೇ ಇರಲಿಲ್ಲ. ಫ್ರೂಟ್ಸ್‌ನಲ್ಲೇ ಬೋಜಾವನ್ನು ಬ್ಯಾಂಕಿನಿಂದ ಬ್ಯಾಂಕಿಗೆ ದಾಟಿಸುವ ಏರ್ಪಾಡು ಮಾಡಿದರೆ ಬ್ಯಾಂಕುಗಳು ರೈತನಿಗಾಗಿ ಬೆವರು ಹರಿಸಬೇಕಾದೀತು. ಸದ್ಯಕ್ಕೆ ಅವನು ಎಲ್ಲಿಗೂ ಹೋಗಲಾರ ಎಂಬುದು ಕೌಂಟರಿನ ಆಚೆಯವರಿಗೂ ಗೊತ್ತು.